ಟ್ರೇಲರ್ ಚಾವಣಿ ಫ್ಯಾನ್: ವೈರಲ್ಲಿ 12.6 ವೋಲ್ಟ್ ಇದೆ, ಆದ್ರೂ ತಿರುಗ್ತಿಲ್ಲ!

ರೌಂಡ್‌ರಾಕ್ ಮುದ್ದೆ

ಎಲ್ಲರಿಗೂ ನಮಸ್ಕಾರ. ನಾವಿರೋದು ಟೆಕ್ಸಸ್‌ನಲ್ಲಿ, ಆಸ್ಟಿನ್ ಪಕ್ಕ. 22 ಅಡಿಯ ಟ್ರಾವೆಲ್ ಟ್ರೇಲರ್ (ಗಾಡಿ ಹಿಂದೆ ಎಳ್ಕೊಂಡು ಹೋಗೋ ಪುಟ್ಟ ಮನೆ) ಒಂದನ್ನ ಸೆಕೆಂಡ್ ಹ್ಯಾಂಡ್ ತಗೊಂಡಿದ್ದೀವಿ. ಅಡುಗೆ ಜಾಗದ ಮೇಲೆ, ಚಾವಣಿಯಲ್ಲಿ 14 ಇಂಚು ಚೌಕದ ಕಿಂಡಿ, ಅದರೊಳಗೆ 12 ವೋಲ್ಟಿನ ಫ್ಯಾನು. ಮುಚ್ಚಳ ಕೈಯಲ್ಲಿ ತಿರುಗಿಸಿ ಎತ್ತೋದು, ಮೂರು ಸ್ಪೀಡಿನ ಗುಂಡಿ, ರಿಮೋಟು ಗಿಮೋಟು ಏನೂ ಇಲ್ಲ.

ಮೊದಮೊದಲು ಫ್ಯಾನ್ ನಿಧಾನ ಆಯ್ತು. ಆಮೇಲೆ ರೆಕ್ಕೆನ ಬೆರಳಲ್ಲಿ ತಳ್ಳಿದ್ರೆ ಮಾತ್ರ ತಿರುಗೋದು. ಈಗ ಗುಂಡಿ ಹಾಕಿದ್ರೆ ಒಂದು ಸಲ ಮಿಸುಕಾಡಿ ಸುಮ್ಮನಾಗುತ್ತೆ. ಫ್ಯೂಸ್ ಚೆನ್ನಾಗಿದೆ, ಹೊಸದು ಹಾಕಿಯೂ ನೋಡಿದೆ. ಅದೇ ಫ್ಯೂಸಿನಲ್ಲಿರೋ ಎಲ್‌ಇಡಿ ದೀಪಗಳು ಚೆನ್ನಾಗಿ ಉರೀತಿವೆ. ಫ್ಯಾನಿನ ವೈರ್ ಬಿಚ್ಚಿ ಮಲ್ಟಿಮೀಟರ್ ಇಟ್ಟೆ, 12.6 ವೋಲ್ಟ್. ಕರೆಂಟ್ ಬರ್ತಿದೆ, ಫ್ಯಾನ್ ತಿರುಗ್ತಿಲ್ಲ ಅಂದ್ರೆ ಮೋಟರ್ ಸತ್ತಿದೆ ಅಂತ ತಾನೇ?

ಬಿಗ್ ಬೆಂಡ್ ನ್ಯಾಷನಲ್ ಪಾರ್ಕ್ ಕಡೆ ಹೊರಡೋ ಪ್ಲಾನ್ ಇದೆ. ಫ್ಯಾನ್ ಇಲ್ಲದೆ ಟ್ರೇಲರ್ ಒಳಗೆ ಒಗ್ಗರಣೆ ಹಾಕೋ ಹಾಗಿಲ್ಲ. ಒಣಮೆಣಸಿನಕಾಯಿ ಎಣ್ಣೆಗೆ ಬಿದ್ದ ತಕ್ಷಣ ಸ್ಮೋಕ್ ಅಲಾರಂ ಇಡೀ ಕ್ಯಾಂಪ್‌ಗ್ರೌಂಡ್ ಎಬ್ಬಿಸುತ್ತೆ, ಮನೆಯವರ ಕೆಮ್ಮು ಬೇರೆ.

ಕುಡ್ಲ ಟು ಜೆರ್ಸಿ

ಮೋಟರೇ ಮಾರಾಯ್ರೆ, ಮತ್ತೆಂತ ಉಂಟು? ತಳ್ಳಿದ್ರೆ ತಿರುಗುದು ಅಂದ್ರೆ ಒಳಗೆ ಕಾರ್ಬನ್ ಬ್ರಷ್ ಸವೆದಿದೆ ಅಂತ ಲೆಕ್ಕ. ಮಿಕ್ಸಿಯಲ್ಲಿ ಆಗುದಿಲ್ವಾ, ಅದೇ ಕತೆ. ಸ್ಕ್ರೂಡ್ರೈವರ್ ಹಿಡಿಯಿಂದ ಮೋಟರಿನ ಹಿಂದೆ ಮೆಲ್ಲ ಒಂದು ತಟ್ಟಿ ನೋಡಿ. ತಟ್ಟಿದಾಗ ತಿರುಗಿದ್ರೆ ಹೆಚ್ಚಾಗಿ ಬ್ರಷ್ಷೇ. ಇಲ್ಲದಿದ್ರೆ ಇಡೀ ಫ್ಯಾನ್ ಹೊಸದು ಹಾಕಿ ಬಿಡಿ, ಕಿಂಡಿ ಹೆಚ್ಚಿನ ಟ್ರೇಲರಿಗೂ ಅದೇ 14 ಇಂಚು, ಕೂತ್ಕೊಳ್ತದೆ.

ಬ್ಲೂರಿಡ್ಜ್ ಅಲೆಮಾರಿ

ಮೋಟರ್‌ಗೆ ಹೋಗುವ ಮುನ್ನ ಬೇರೆ ಮೂರು ವಿಷಯ. ಥರ್ಮೋಸ್ಟಾಟ್ ಇರುವ ಫ್ಯಾನುಗಳು ಒಳಗಿನ ಸೆಕೆ ನೀವು ಇಟ್ಟ ಮಟ್ಟ ದಾಟುವವರೆಗೆ ತಿರುಗುವುದಿಲ್ಲ. ಬೆಳಗಿನ ಚಳಿಯಲ್ಲಿ ಗುಂಡಿ ಹಾಕಿ ಕೆಟ್ಟಿದೆ ಎಂದು ಬೈಯುವವರು ಬಹಳ ಜನ. ಮಳೆ ಸೆನ್ಸರ್ ಇದ್ದರೆ ಅದರ ಮೇಲೆ ಇಬ್ಬನಿ ಬಿದ್ದರೂ ಮುಚ್ಚಳ ತಾನೇ ಮುಚ್ಚಿಕೊಳ್ಳುತ್ತದೆ. ಮೂರನೆಯದು, ಫ್ಯಾನ್‌ಟಾಸ್ಟಿಕ್ ವೆಂಟ್ ಕಂಪನಿಯ ಹಲವು ಮಾಡೆಲ್‌ಗಳಲ್ಲಿ ಮುಚ್ಚಳಕ್ಕೊಂದು ಸ್ವಿಚ್ ಇರುತ್ತದೆ, ಮುಚ್ಚಳ ಸಾಕಷ್ಟು ಮೇಲೇಳದಿದ್ದರೆ ಮೋಟರಿಗೆ ಕರೆಂಟೇ ಹೋಗದು. ಮ್ಯಾಕ್ಸ್‌ಫ್ಯಾನ್ ಡಿಲಕ್ಸ್ ಎಂಬ ಇನ್ನೊಂದು ಫ್ಯಾನ್ ಇದಕ್ಕೆ ತದ್ವಿರುದ್ಧ, ಮುಚ್ಚಳ ಮುಚ್ಚಿದ್ದರೂ ಸೀಲಿಂಗ್ ಫ್ಯಾನಿನಂತೆ ಒಳಗಿನ ಗಾಳಿಯನ್ನೇ ಆಡಿಸುತ್ತದೆ.

ರೌಂಡ್‌ರಾಕ್ ಮುದ್ದೆ

ಥರ್ಮೋಸ್ಟಾಟೂ ಇಲ್ಲ, ಸೆನ್ಸರೂ ಇಲ್ಲ. ಮುಚ್ಚಳ ಪೂರ್ತಿ ಎತ್ತಿಯೇ ನೋಡಿದ್ದು. ಮೋಟರ್ ತಟ್ಟಿದೆ, ಏನೂ ಆಗಲಿಲ್ಲ. ಕರೆಂಟ್ ಆಫ್ ಮಾಡಿ ರೆಕ್ಕೆನ ಕೈಯಲ್ಲಿ ತಿರುಗಿಸಿದ್ರೆ ಸಲೀಸಾಗಿ ತಿರುಗುತ್ತೆ, ಎಲ್ಲೂ ಬಿಗಿ ಇಲ್ಲ. ಇನ್ನೊಂದು ಹೇಳಬೇಕಿತ್ತು: ಮನೆ ಮುಂದೆ ನಿಲ್ಲಿಸಿ ಶೋರ್ ಪವರ್ (ಹೊರಗಿನ 120 ವೋಲ್ಟ್ ಕರೆಂಟ್) ಚುಚ್ಚಿದಾಗ ಸ್ವಲ್ಪ ಜಾಸ್ತಿ ಮಿಸುಕಾಡುತ್ತೆ, ಬ್ಯಾಟರಿ ಮೇಲೆ ಅದೂ ಇಲ್ಲ.

ಧಾರವಾಡ ದೊಡ್ಡಪ್ಪ

ತಂಗಿ, ಫ್ಯಾನ್ ಆರ್ಡರ್ ಮಾಡಬ್ಯಾಡವಾ, ಸ್ವಲ್ಪ ತಡಿ. ನಾ ಟೂಸಾನ್‌ದಾಗ ಇರಾಂವ, ರಿಟೈರ್ ಆದಮ್ಯಾಲೆ ಈ ಟ್ರೇಲರ್ ರಿಪೇರಿನೇ ನನ್ನ ಟೈಂಪಾಸು.

ನಿನ್ನ ಕಡೀ ಮಾತಿನಾಗ ಸುಳಿವು ಐತಿ. ಶೋರ್ ಪವರ್ ಹಾಕಿದಾಗ ಕನ್ವರ್ಟರ್, ಅಂದ್ರ ಆ ಕರೆಂಟನ್ನ ಬ್ಯಾಟರಿಗೆ ಹೊಂದೋ ಡಿಸಿ ಮಾಡೋ ಡಬ್ಬಿ, 13.6 ವೋಲ್ಟ್ ಕೊಡ್ತದ, ಬರೇ ಬ್ಯಾಟರಿ ಅಂದ್ರ ತುಂಬಿದಾಗ 12.6. ಒಂದು ವೋಲ್ಟಿನ ಫರಕಿಗೆ ಇಷ್ಟು ವ್ಯತ್ಯಾಸ ಆಗಬೇಕಾದ್ರ ಮೋಟರಿಗೆ ವೋಲ್ಟೇಜ್ ಮೊದಲೇ ಕಡಿಮಿ ಮುಟ್ಟಾಕತ್ತೈತಿ ಅಂತ ನನ್ನ ಅನುಮಾನ.

ಈಗ ಆ 12.6ರ ವಿಚಾರ. ನೀ ವೈರ್ ಬಿಚ್ಚಿ ಅಳದೀ. ಲೋಡ್ ಇಲ್ಲದಾಗ, ಅಂದ್ರ ಕರೆಂಟ್ ಎಳಿಯೋದು ಏನೂ ಜೋಡಿಸಿರದಾಗ, ಅಳದ ವೋಲ್ಟೇಜಿಗೆ ಕಿಮ್ಮತ್ತಿಲ್ಲ ತಂಗಿ. ನಳದ ಪೈಪಿನಾಗ ಕಸ ಸಿಕ್ಕೊಂಡಿರ್ತದ ಅಂತ ತಿಳಕೋ. ನಳ ಬಂದ್ ಇದ್ದಾಗ ಗೇಜು ಹಚ್ಚಿದ್ರ ಫುಲ್ ಪ್ರೆಶರ್ ತೋರಸ್ತದ. ನಳ ತಿರುವಿದ್ರ ತಟಕ್ ತಟಕ್ ಹನಿ. ಮಲ್ಟಿಮೀಟರ್ ಕುಡಿಯೋ ಕರೆಂಟ್ ಅಂದ್ರ ಇಲ್ಲಂದಂಗ, ಜಂಗ್ ತಿಂದ ಜಾಯಿಂಟ್‌ನಾಗಿಂದನೂ ಅಷ್ಟು ಬಂದೇ ಬರ್ತದ.

ನಿನ್ನ ಎಲ್‌ಇಡಿ ದೀಪಾನೂ ಅದಕ್ಕ ಮೋಸ ಮಾಡಾಕತ್ತಾವ. ಅವು ತಗೊಳ್ಳೋದು 0.2 ಆಂಪಿಯರ್ ಆಸುಪಾಸು. ಜಾಯಿಂಟ್‌ನಾಗ ಎರಡೂವರೆ ಓಮ್ ಅಡ್ಡ ಬಂದ್ರ ದೀಪಕ್ಕ ಅರ್ಧ ವೋಲ್ಟ್ ಕಡಿಮಿ ಆಗ್ತದ, ಕಣ್ಣಿಗೆ ಗೊತ್ತೂ ಆಗೂದಿಲ್ಲ. ಫ್ಯಾನಿಗೆ ಹಂಗಲ್ಲ. ಓಡೋವಾಗ ಎರಡು ಮೂರು ಆಂಪಿಯರ್, ನಿಂತ ಜಾಗದಿಂದ ಏಳೋವಾಗ ಅದಕ್ಕಿಂತ ಜಾಸ್ತಿ. ಅಲ್ಲೇ ಗಂಟು ಬೀಳ್ತದ. ಹಿಂದಕ ಟ್ರೇಲರ್‌ನಾಗ ಹಳೇ ಫಿಲಮೆಂಟ್ ಬಲ್ಬ್ ಇದ್ದಾಗ ಜಾಯಿಂಟ್ ಕೆಟ್ರ ದೀಪ ಮಂಕಾಗಿ ಮೊದಲೇ ಹೇಳತಿದ್ವು. ಎಲ್‌ಇಡಿ ಬಂದಮ್ಯಾಲೆ ಆ ಸೂಚನೆ ಹೋತು.

ಇಷ್ಟು ಮಾಡು. ಶೋರ್ ಪವರ್ ಪ್ಲಗ್ ಕಿತ್ತಿಡು. ಬ್ಯಾಟರಿ ಮ್ಯಾಲಷ್ಟೇ ಇರಲಿ. ಫ್ಯಾನಿನ ವೈರ್ ವಾಪಸ್ ಜೋಡಿಸಿ, ಹೈ ಸ್ಪೀಡಿಗೆ ಇಟ್ಟು, ಗುಂಡಿ ಹಾಕಿ, ಹಾಕಿದ್ದಾಗನೇ ಮೋಟರಿಗೆ ಹೋಗೋ ಎರಡು ವೈರಿನ ನಡುವ ಅಳಿ. ಆಮ್ಯಾಲೆ ಒಂದು ಉದ್ದ ವೈರ್ ತಗೊಂಡು, ಹಳೇ ಟೇಬಲ್ ಲ್ಯಾಂಪ್ ವೈರ್ ಆದ್ರೂ ಸಾಕು, ಟಂಗ್ (ಟ್ರೇಲರ್ ಎಳಿಯಾಕ ಇರೋ ಮುಂದಿನ ಮೂತಿ) ಮ್ಯಾಲಿನ ಬ್ಯಾಟರಿ ನೆಗೆಟಿವ್‌ಗೆ ಒಂದು ತುದಿ ಹಚ್ಚಿ ಕಿಟಕ್ಯಾಗಿಂದ ಒಳಗ ತಾ. ಮೀಟರಿನ ಒಂದು ಕಡ್ಡಿ ಆ ವೈರಿಗೆ, ಇನ್ನೊಂದು ಫ್ಯಾನಿನ ನೆಗೆಟಿವ್‌ಗೆ. ಅದೇ ರೀತಿ ಪಾಸಿಟಿವ್‌ದೂ ಅಳಿ, ಆದ್ರ ಆ ಉದ್ದ ವೈರಿಗೆ ಬ್ಯಾಟರಿ ಕಡೆ ಸಣ್ಣ ಫ್ಯೂಸ್ ಇರಲಿ, ತುದಿ ಎಲ್ಲಾರ ಕಬ್ಬಿಣಕ್ಕ ತಾಗಿದ್ರ ಕಿಡಿ ಹಾರ್ತದ. ನೆಟ್ಟಗಿದ್ದ ವೈರಿಂಗ್‌ನಾಗ ಒಂದೊಂದು ಕಡೆ ಅರ್ಧ ವೋಲ್ಟಿನ ಒಳಗ ಬರಬೇಕು. ಎಲ್ಲಿ ಜಾಸ್ತಿ ಬರ್ತದ, ಆ ದಾರ್ಯಾಗ ಕಳ್ಳ ಅದಾನ. ಫ್ಯಾನ್ ಹಾಕಿ ಬಹಳ ಹೊತ್ತು ಬಿಡಬ್ಯಾಡ, ಅಳದು ಆಫ್ ಮಾಡು.

ಹಾಸನ್ ಬಸ್ ವೈರಿಂಗ್

ದೊಡ್ಡಪ್ಪನವರು ಹೇಳಿದ್ದು ನೂರಕ್ಕೆ ನೂರು. ನಾನು ಇಲ್ಲಿ ಬಸ್ ಬಾಡಿ ವೈರಿಂಗ್ ಮಾಡೋನು, ನಮ್ಮ ಬಸ್ಸು 24 ವೋಲ್ಟು, ನಿಮ್ದು 12, ಅಷ್ಟೇ ವ್ಯತ್ಯಾಸ. ಕಂಪ್ಲೇಂಟ್ ಬಂದ್ರೆ ಫಸ್ಟ್ ಅರ್ಥ್ (ನೆಗೆಟಿವ್ ದಾರಿ) ನೋಡು ಅಂತ ನಮ್ಮ ಮೇಸ್ತ್ರಿ ಹೇಳಿಕೊಟ್ಟಿದ್ದು.

ಮೇಡಂ, ಮೀಟರ್ ಓದೋಕೆ ತಲೆಬಿಸಿ ಆದ್ರೆ ಇಂಡಿಕೇಟರ್ ಬಲ್ಬ್ ಒಂದು ತಗೊಳ್ಳಿ, 12 ವೋಲ್ಟ್ 21 ವ್ಯಾಟ್‌ದು. ಎರಡು ವೈರ್ ಬೆಸುಗೆ ಹಾಕಿ ಇಟ್ಕೊಳ್ಳಿ. ಅದು ಹತ್ತಿರ ಹತ್ತಿರ 1.75 ಆಂಪಿಯರ್ ಎಳೆಯುತ್ತೆ, ಅಂದ್ರೆ ಲೋಡ್ ಅದೇ ಆಯ್ತು. ಫ್ಯಾನ್ ಬಿಚ್ಚಿ ಆ ವೈರಿಗೆ ಬಲ್ಬ್ ಕೊಡಿ. ಝಗ್ ಅಂತ ಉರಿದ್ರೆ ವೈರಿಂಗ್ ಓಕೆ, ಮೋಟರ್ ನೋಡಿ. ಕೆಂಡದ ತರ ಕೆಂಪಗೆ ಮಿಣುಕಿದ್ರೆ ಲೂಸ್ ಕನೆಕ್ಷನ್. ಗ್ಯಾರೇಜಲ್ಲಿ ನಮಗೆ ಮೀಟರಿಗಿಂತ ಇದೇ ಕೆಲಸಕ್ಕೆ ಬರೋದು. ಎಲ್‌ಇಡಿ ಟೆಸ್ಟ್ ಲ್ಯಾಂಪ್ ಮಾತ್ರ ಬೇಡ, ಅದು ಯಾವ ಕೊಳಕು ಜಾಯಿಂಟಲ್ಲೂ ಉರಿಯುತ್ತೆ.

ಊರಿಂದ ತಂದ ಸ್ಕ್ರೂಡ್ರೈವರ್ ಟೆಸ್ಟರ್ ಇಟ್ಕೊಂಡು ನೋಡ್ತಿದ್ರೆ ಅದನ್ನೂ ಒಳಗಿಡಿ. ನಿಯಾನ್ ಟೆಸ್ಟರ್ 12 ವೋಲ್ಟ್ ಡಿಸಿಗೆ ಹತ್ತೋದೇ ಇಲ್ಲ.

ರೌಂಡ್‌ರಾಕ್ ಮುದ್ದೆ

ಅಯ್ಯೋ, ಅಪ್ಪ ಮೈಸೂರಿಂದ ಬಂದಾಗ ಅದೇ ಟೆಸ್ಟರ್ ಹಿಡ್ಕೊಂಡು "ನಿಮ್ಮ ಬಂಡಿಗೆ ಕರೆಂಟೇ ಇಲ್ಲ ಕಣಮ್ಮ" ಅಂತ ಘೋಷಣೆ ಮಾಡಿದ್ರು! ಉದ್ದ ವೈರ್ ಇದೆ. ಶನಿವಾರ ಅಳೀತೀನಿ.

ಗಾಡಿಬಿಡ್ಡ

ಇಷ್ಟೆಲ್ಲ ಯಾಕೆ? ಫ್ಯೂಸ್ 15 ಆಂಪಿಯರ್‌ದು ಇದೆ ಅಲ್ವಾ, 30ರದ್ದು ಹಾಕಿ ನೋಡಿ. ಫ್ಯಾನಿಗೆ ಕರೆಂಟ್ ಸಾಲ್ತಿಲ್ಲ ಅನ್ಸುತ್ತೆ.

ಧಾರವಾಡ ದೊಡ್ಡಪ್ಪ

ಬ್ಯಾಡೋ ಮಾರಾಯಾ! ಫ್ಯೂಸ್ ಇರೋದು ವೈರ್ ಕಾಯಾಕ, ಫ್ಯಾನಿಗೆ ಕರೆಂಟ್ ಹಂಚಾಕಲ್ಲ. ಚಾವಣಿಯೊಳಗ ಓಡೋದು 14 ಗೇಜಿನ ವೈರ್ ಇದ್ದೀತು, ಅದಕ್ಕ 15 ಆಂಪಿಯರೇ ಗರಿಷ್ಠ. 30 ಹಾಕಿದ್ರ ಶಾರ್ಟ್ ಆದ ದಿವಸ ಫ್ಯೂಸಿನಕಿಂತ ಮೊದಲು ವೈರ್ ಸುಟ್ಟೀತು, ಅದೂ ಪ್ಲೈವುಡ್ಡು ಫೋಮಿನ ನಡುವ. ಸುಟ್ಟೇ ಇರದ ಫ್ಯೂಸ್ ದೊಡ್ಡದು ಮಾಡಿದ್ರ ಏನು ಸಿಗ್ತದ ಹೇಳು?

ನಿರ್ವಾಹಕರು

ಮೇಲಿನ 30 ಆಂಪಿಯರ್ ಸಲಹೆಯನ್ನು ಯಾರೂ ಅನುಸರಿಸಬೇಡಿ. ಅಳಿಸದೆ ಬಿಟ್ಟಿದ್ದೇವೆ, ಉತ್ತರ ಓದುವವರಿಗೆ ಉಪಯೋಗ ಆಗಲಿ ಎಂದು.

ಇನ್ನೊಂದು ಎಚ್ಚರಿಕೆ, ಬಣ್ಣದ ಬಗ್ಗೆ. ಅಮೆರಿಕದ ಮನೆ ವೈರಿಂಗ್‌ನಲ್ಲಿ ಕಪ್ಪು ಎಂದರೆ 120 ವೋಲ್ಟಿನ ಜೀವಂತ ವೈರ್, ಬಿಳಿ ನ್ಯೂಟ್ರಲ್. ಟ್ರೇಲರ್‌ಗಳ 12 ವೋಲ್ಟ್ ಭಾಗದಲ್ಲಿ ಬಿಳಿ ಸಾಮಾನ್ಯವಾಗಿ ನೆಗೆಟಿವ್, ಪಾಸಿಟಿವ್‌ಗೆ ಕಪ್ಪು, ಕೆಂಪು, ನೀಲಿ ಏನು ಬೇಕಾದರೂ ಬರಬಹುದು. ಅದೇ ಚಾವಣಿಯಲ್ಲಿ ಏರ್ ಕಂಡೀಶನರಿಗೆ ಹೋಗುವ 120 ವೋಲ್ಟ್ ಕೇಬಲ್ಲೂ ಇರುತ್ತದೆ. ಆದ್ದರಿಂದ ಯಾವುದೇ ಮುಚ್ಚಳ ಬಿಚ್ಚುವ ಮುನ್ನ ಶೋರ್ ಪವರ್ ಪ್ಲಗ್ ಹೊರಗೆ, ಜನರೇಟರ್ ಬಂದ್, ಇನ್ವರ್ಟರ್ ಇದ್ದರೆ ಅದೂ ಬಂದ್. ಬಣ್ಣ ನಂಬಬೇಡಿ, ಮೀಟರ್ ನಂಬಿ. ಬ್ಯಾಟರಿ ಬಿಚ್ಚಿದ್ದರೆ ಕೆಲಸ ಮುಗಿದ ಮೇಲೆ ವಾಪಸ್ ಜೋಡಿಸುವುದನ್ನು ಮರೆಯಬೇಡಿ, ಗ್ಯಾಸ್ ಸೋರಿಕೆ ಅಲಾರಂ ಕೂಡ ಅದರಿಂದಲೇ ನಡೆಯುವುದು.

ರೌಂಡ್‌ರಾಕ್ ಮುದ್ದೆ

ಅಳೆದಾಯ್ತು. ಶೋರ್ ಪವರ್ ಕಿತ್ತು, ಫ್ಯಾನ್ ಹೈನಲ್ಲಿ ಇಟ್ಟು, ಗುಂಡಿ ಹಾಕಿದ್ದಾಗಲೇ:

ಬ್ಯಾಟರಿ ಮೇಲೆ: 12.5
ಮೋಟರಿನ ಎರಡು ವೈರ್ ನಡುವೆ: 3.7 (!!)
ಬ್ಯಾಟರಿ ಪಾಸಿಟಿವ್‌ನಿಂದ ಫ್ಯಾನ್ ಪಾಸಿಟಿವ್: 0.4
ಬ್ಯಾಟರಿ ನೆಗೆಟಿವ್‌ನಿಂದ ಫ್ಯಾನ್ ನೆಗೆಟಿವ್: 8.4

ಗುಂಡಿ ಆಫ್ ಮಾಡಿದ ತಕ್ಷಣ ಕೊನೆಯದು ಸೊನ್ನೆಗೆ ಇಳಿಯುತ್ತೆ.

ಧಾರವಾಡ ದೊಡ್ಡಪ್ಪ

ಶಾಬಾಸ್! ಮೂರೂ ಕೂಡಿಸಿ ನೋಡು: 3.7, 0.4, 8.4. ಒಟ್ಟು 12.5, ಬ್ಯಾಟರಿ ಎಷ್ಟು ಕೊಟ್ಟಿತ್ತೋ ಅಷ್ಟೇ. ಲೆಕ್ಕ ಚುಕ್ತಾ ಆತು, ಅಂದ್ರ ನೀ ಅಳದದ್ದು ಬರೋಬ್ಬರಿ ಐತಿ. ಮೋಟರ್ ನಿರಪರಾಧಿ. 8.4 ವೋಲ್ಟ್ ನೆಗೆಟಿವ್ ದಾರ್ಯಾಗ ನುಂಗಾಕತ್ತೈತಿ.

ಆ ಜಾಗ ಬಿಸಿ ಆಗಾಕತ್ತಿರಬೇಕು. ಮೂರೂವರಿ ಆಂಪಿಯರ್ ಹರಿದ್ರೂ 8.4ಕ್ಕ ಗುಣಿಸಿದ್ರ ಹತ್ತತ್ರ 30 ವ್ಯಾಟ್, ಒಂದು ಸಣ್ಣ ಸೋಲ್ಡರಿಂಗ್ ಐರನ್ನಿನಷ್ಟು ಶಾಖ ಒಂದೇ ಜಾಯಿಂಟ್‌ನಾಗ. ಇನ್ನ ಆ ಫ್ಯಾನ್ ಹಾಕಲೇ ಬ್ಯಾಡ, ಜಾಯಿಂಟ್ ಸಿಗೋ ತನಕ.

ಹುಡುಕೋದು ಹೆಂಗ ಅಂದ್ರ, ಬಿಳಿ ವೈರ್ ಫ್ಯಾನಿನಿಂದ ಸೀದಾ ಫ್ಯೂಸ್ ಬಾಕ್ಸಿಗೆ ಹೋಗಿರೂದಿಲ್ಲ. ಫ್ಯಾಕ್ಟರ್ಯಾಗ ದೀಪದಿಂದ ದೀಪಕ್ಕ ಸರಪಳಿ ಹಂಗ ಕೊಟ್ಟಿರ್ತಾರ. ಫ್ಯಾನಿನ ಆಜೂಬಾಜೂ ಇರೋ ದೀಪಾನ ಬಿಚ್ಚು, ಅದರ ಹಿಂದ ಪ್ಲಾಸ್ಟಿಕ್ ಟೊಪ್ಪಿಗಿ ಹಾಕಿ ತಿರುವಿದ ಜಾಯಿಂಟ್ ಇರ್ತದ, ವೈರ್ ನಟ್ ಅಂತಾರ. ಮೊದಲು ಅಲ್ಲಿ ನೋಡು.

ರೌಂಡ್‌ರಾಕ್ ಮುದ್ದೆ

ಸಿಕ್ತು!! ಫ್ಯಾನಿಗೂ ಬಾತ್‌ರೂಮಿಗೂ ನಡುವೆ ಇರೋ ದೀಪದ ಹಿಂದೆ. ಬ್ಯಾಟರಿ ಡಿಸ್‌ಕನೆಕ್ಟ್ ಮಾಡಿ ಬಿಚ್ಚಿದೆ. ಮೂರು ಬಿಳಿ ವೈರ್ ಒಂದೇ ಟೊಪ್ಪಿಗೆಯೊಳಗೆ. ಹಳದಿ ಟೊಪ್ಪಿಗೆ ಒಂದು ಪಕ್ಕ ಕಂದು ಬಣ್ಣಕ್ಕೆ ತಿರುಗಿ, ಅಂಚು ಕರಗಿ ಮುದುಡಿದೆ. ತಿರುಗಿಸಿ ತೆಗೆದ್ರೆ ಎರಡು ವೈರಿನ ಎಳೆಗಳು ಹಸಿರು ಪುಡಿ ಪುಡಿ, ದೇವರ ಮನೆಯಲ್ಲಿ ಉಜ್ಜದೆ ಬಿಟ್ಟ ತಾಮ್ರದ ಚೊಂಬಿನ ಬಣ್ಣ. ಮೂರನೇದು ಫ್ಯಾನಿಗೆ ಹೋಗೋದು, ಎಳೆದ ಕೂಡಲೇ ಕೈಗೆ ಬಂತು. ಮುಟ್ಟಿದ್ರೆ ಗರಗರ ಅನ್ನುತ್ತೆ, ತಾಮ್ರವೇ ಅಲ್ಲ ಅನ್ನೋ ಹಾಗೆ.

ಪಕ್ಕದ ಪ್ಲೈವುಡ್ಡಿನಲ್ಲಿ ಟೀ ಚೆಲ್ಲಿದ ಹಾಗೆ ಕಲೆ ಇದೆ. ಒದ್ದೆ ಇಲ್ಲ, ಒಣಗಿದೆ. ಇದೇನು?

ಹಾಸನ್ ಬಸ್ ವೈರಿಂಗ್

ಅದೇ ಮೂಲ ಮೇಡಂ, ನೀರು. ಜಾಯಿಂಟ್ ಆಮೇಲೆ ನೋಡೋಣ, ಫಸ್ಟ್ ಟಾಪ್ ಮೇಲೆ ಹತ್ತಿ. ಬಸ್ಸಲ್ಲೂ ಇದೇ ಗೋಳು, ಮಳೆಗಾಲ ಮುಗಿದ ಮೇಲೆ ಕಂಪ್ಲೇಂಟ್ ಬರ್ತವೆ.

ಜಾಯಿಂಟ್ ಮಾಡೋವಾಗ ಹಸಿರಾದ ವೈರನ್ನ ಉಜ್ಜಿ ಮತ್ತೆ ತಿರುಚಬೇಡಿ. ಹಸಿರು ಇನ್ಸುಲೇಷನ್ ಒಳಗೂ ಹತ್ತಿರುತ್ತೆ. ಕೆಂಪಗೆ ಹೊಳೆಯೋ ತಾಮ್ರ ಸಿಗೋವರೆಗೂ ಕತ್ತರಿಸ್ತಾ ಹೋಗಿ. ಆಮೇಲೆ ಚೆನ್ನಾಗಿ ತಿರುಚಿ ಬೆಸುಗೆ ಹಾಕಿ, ಸ್ಲೀವ್ ಹಾಕಿ.

ಬ್ಲೂರಿಡ್ಜ್ ಅಲೆಮಾರಿ

ಬೆಸುಗೆ ಬೇಡ. ಹೆದ್ದಾರಿಯಲ್ಲಿ ಟ್ರೇಲರ್ ಅಲುಗಾಡುತ್ತಲೇ ಇರುತ್ತದೆ, ಬೆಸುಗೆ ಹರಿದು ಗಟ್ಟಿಯಾದ ಕಡೆ ಎಳೆಗಳು ಒಂದೊಂದಾಗಿ ತುಂಡಾಗುತ್ತವೆ. ಒಳಗೆ ಅಂಟು ಬಳಿದಿರುವ ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗಿ ಬಿಗಿಯುವ) ಕನೆಕ್ಟರ್ ತಂದು ಸರಿಯಾದ ಕ್ರಿಂಪಿಂಗ್ ಪ್ಲಯರ್‌ನಲ್ಲಿ ಒತ್ತಿ, ಬಿಸಿ ಗಾಳಿ ಕೊಟ್ಟರೆ ನೀರೂ ಒಳಗೆ ಹೋಗದು.

ಹಾಸನ್ ಬಸ್ ವೈರಿಂಗ್

ಅಣ್ಣ, ನಾವು ಹಾಕಿದ ಬೆಸುಗೆ ಶಿರಾಡಿ ಘಾಟಿ ಹತ್ತಿ ಇಳಿದು ತಡ್ಕೊಂಡಿದೆ. ವೈರನ್ನ ಜಾಯಿಂಟಿನ ಎರಡೂ ಕಡೆ ಕ್ಲಿಪ್ ಹಾಕಿ ಕಟ್ಟಿದ್ರೆ ಅಲುಗಾಡೋಕೆ ಜಾಗ ಎಲ್ಲಿ? ಆದ್ರೂ ಮೇಡಂಗೆ ತಲೆ ಮೇಲೆ ಕೈ ಎತ್ತಿ ಬೆಸುಗೆ ಹಾಕೋದು ಕಷ್ಟ, ಬಿಸಿ ಸೀಸ ಮುಖಕ್ಕೆ ಬಿದ್ದೀತು. ಅದಕ್ಕೆ ಕ್ರಿಂಪ್ ಒಪ್ತೀನಿ.

ಧಾರವಾಡ ದೊಡ್ಡಪ್ಪ

ಇಬ್ರದೂ ಖರೇನ. ಮೂರು ವೈರ್ ಕೂಡಸೋದು ಐತಿ ಅಂದಮ್ಯಾಲೆ ವಾಗೋ 221 ಲಿವರ್ ಕನೆಕ್ಟರ್ (ಹಿಡಿ ಎತ್ತಿ ವೈರ್ ತೂರಿಸಿ ಒತ್ತೋದು) ಹಾಕು ತಂಗಿ, ನುಣ್ಣನೆ ಎಳೆಯ ವೈರೂ ಹಿಡೀತದ, ನಾಳೆ ಬಿಚ್ಚಾಕೂ ಬರ್ತದ. ಅದು ನೀರು ತಡಿಯೂದಿಲ್ಲ, ಆದ್ದರಿಂದ ಸೋರೋದು ನಿಲ್ಲಿಸಲಾರದ ಅದನ್ನ ಹಾಕಿದ್ರ ಮತ್ತ ಇದೇ ಹಾಡು. ಹಾಕಿದಮ್ಯಾಲೆ ಒಂದೊಂದು ವೈರನ್ನೂ ಜಗ್ಗಿ ನೋಡು.

ಮ್ಯಾಲೆ ಹತ್ತಿದಾಗ ಫ್ಯಾನಿನ ಚೌಕಟ್ಟಿನ ಸುತ್ತ ಬಳದ ಸೀಲಂಟ್ ನೋಡು, ವಿಶೇಷ ನಾಕೂ ಮೂಲಿ ಮತ್ತ ಸ್ಕ್ರೂ ತಲಿ. ಕೂದಲೆಳಿಯಷ್ಟು ಬಿರುಕಿದ್ರೂ ನೀರಿಗೆ ಸಾಕು. ನೀರು ಎಲ್ಲಿ ಇಳೀತದ ಅಲ್ಲೇ ತೊಟ್ಟಿಕ್ಕಬೇಕಂತಿಲ್ಲ, ಪ್ಲೈವುಡ್ ಗುಂಟ ಹರದು ವೈರ್ ಹಿಡಕೊಂಡು ದೀಪದ ಹಿಂದ ಬಂದು ಕೂತೈತಿ. ಟಾಪ್ ರಬ್ಬರಿನದು, ಇಪಿಡಿಎಂ, ಇದ್ರ ಅಂಗಡ್ಯಾಗಿನ ಸಿಲಿಕೋನ್ ಬಳೀಬ್ಯಾಡ, ಅಂಟೂದಿಲ್ಲ, ಮ್ಯಾಲೆ ಬ್ಯಾರೇದು ಬಳಿಯಾಕೂ ಬಿಡೂದಿಲ್ಲ. ಡೈಕೋರ್ ತರದ್ದು, ತಾನೇ ಹರಡಿಕೊಳ್ಳೋ ಲ್ಯಾಪ್ ಸೀಲಂಟ್ ತಾ. ಜಾಗ ಒರಸಿ ಪೂರಾ ಒಣಗಿಸಿ ಬಳಿ.

ಹಡ್ಸನ್ ದಂಡೆ

ಮಧ್ಯೆ ಬಾಯಿ ಹಾಕ್ತೀನಿ, ಕ್ಷಮಿಸಿ. ನಮ್ಮ ಟ್ರೇಲರಿನ ಫ್ಯಾನ್ ಹೈನಲ್ಲಿ ಮಾತ್ರ ತಿರುಗುತ್ತೆ, ಲೋ ಮೀಡಿಯಂ ಸತ್ತಿವೆ. ಬಾತ್‌ರೂಮಿನ ಸಣ್ಣ ಫ್ಯಾನ್ ತಿರುಗುತ್ತೆ, ಆದ್ರೆ ಹಬೆ ಹೊರಗೆ ಹೋಗೋ ಬದಲು ತಣ್ಣನೆ ಗಾಳಿ ತಲೆ ಮೇಲೆ ಬೀಳುತ್ತೆ. ಎರಡಕ್ಕೂ ನೆಗೆಟಿವೇ ಕಾರಣವಾ?

ಹಾಸನ್ ಬಸ್ ವೈರಿಂಗ್

ಅಲ್ಲ ಸರ್. ಹೈ ಚೆನ್ನಾಗಿ ತಿರುಗುತ್ತೆ ಅಂದ್ರೆ ವೈರಿಂಗ್ ಸರಿ ಇದೆ. ಸ್ಪೀಡ್ ಕಮ್ಮಿ ಮಾಡೋಕೆ ರೆಸಿಸ್ಟರ್ ಇರೋ ಫ್ಯಾನ್ ಆದ್ರೆ ಅದು ಸುಟ್ಟಿರುತ್ತೆ, ಕಾರಿನ ಎಸಿ ಬ್ಲೋವರಲ್ಲೂ ಇದೇ ಕಾಯಿಲೆ. ಇಲ್ಲ ಅಂದ್ರೆ ಗುಂಡಿಯ ಸ್ವಿಚ್ಚೇ ಹೋಗಿರುತ್ತೆ. ಬಾತ್‌ರೂಮ್ ಫ್ಯಾನು ಉಲ್ಟಾ ತಿರುಗ್ತಿದೆ, ಯಾರೋ ವೈರ್ ಅದಲು ಬದಲು ಕೊಟ್ಟಿದ್ದಾರೆ. ಬರೀ ಮೋಟರ್ ಸ್ವಿಚ್ ಇರೋ ಸಣ್ಣ ಫ್ಯಾನ್ ಆದ್ರೆ ಎರಡು ವೈರ್ ಬದಲಾಯಿಸಿ, ಮುಗೀತು. ಸರ್ಕ್ಯೂಟ್ ಬೋರ್ಡ್ ಇರೋ ಫ್ಯಾನಿಗೆ ಮಾತ್ರ ಅಪ್ಪಿತಪ್ಪಿಯೂ ಉಲ್ಟಾ ಕೊಡಬೇಡಿ, ಬೋರ್ಡ್ ಹೊಗೆ ಹಾಕ್ಕೊಳ್ಳುತ್ತೆ.

ರೌಂಡ್‌ರಾಕ್ ಮುದ್ದೆ

ಮುಗೀತು. ಹಿಂದಿನ ಎಡ ಮೂಲೆಯಲ್ಲಿ ಸೀಲಂಟ್ ಎದ್ದು ನಿಂತಿತ್ತು, ಉಗುರು ಹಾಕಿದ್ರೆ ಸಿಪ್ಪೆ ತರ ಬಂತು. ತೆಗೆದು, ಒಣಗಿಸಿ, ಹೊಸದು ಬಳಿದು, ಮಾರನೇ ದಿನ ಪೈಪಲ್ಲಿ ನೀರು ಬಿಟ್ಟು ನೋಡಿದೆ, ಒಳಗೆ ಹನಿ ಇಲ್ಲ. ವೈರನ್ನ ಕತ್ತರಿಸ್ತಾ ಹೋದ್ರೆ ಫ್ಯಾನಿನ ಕಡೆದು ಗಿಡ್ಡ ಆಗೋಯ್ತು, 14 ಗೇಜಿನ ತುಂಡೊಂದು ಕ್ರಿಂಪ್ ಮಾಡಿ ಉದ್ದ ಮಾಡಿ, ಮೂರನ್ನೂ ಲಿವರ್ ಕನೆಕ್ಟರಿಗೆ ಸೇರಿಸಿದೆ. ಇಬ್ಬರ ಮಾತೂ ನಡೀತು.

ಈಗ ಫ್ಯಾನ್ ಹೈನಲ್ಲಿ ಓಡ್ತಿರೋವಾಗ ಮೋಟರ್ ಹತ್ರ 12.1 ವೋಲ್ಟ್, ನೆಗೆಟಿವ್ ದಾರಿಯಲ್ಲಿ 0.1. ಗುಂಡಿ ತಿರುಗಿಸಿದ್ರೆ ಪಕ್ಕದ ಟಿಶ್ಯೂ ಪೇಪರ್ ಹಾರಿ ಜಾಲರಿಗೆ ಅಂಟ್ಕೊಳ್ಳುತ್ತೆ.

ಒಂದೇ ಪ್ರಶ್ನೆ ಉಳಿದಿದೆ. ಕರೆಂಟ್ ಇಲ್ಲದ ಕಡೆ ರಾತ್ರಿಯಿಡೀ ಲೋನಲ್ಲಿ ಓಡಿಸಿದ್ರೆ ಬ್ಯಾಟರಿ ತಡೆಯುತ್ತಾ? ನಮ್ಮದು 100 ಆಂಪಿಯರ್ ಅವರ್‌ನ ಸೀಸದ ಬ್ಯಾಟರಿ.

ಧಾರವಾಡ ದೊಡ್ಡಪ್ಪ

ತಡೀತದ. ಲೋ ಸ್ಪೀಡಿಗೆ ಒಂದೂವರಿ ಆಂಪಿಯರ್ ಅಂತ ಹಿಡಿ, ಎಂಟು ತಾಸಿಗೆ 12 ಆಂಪಿಯರ್ ಅವರ್. ಸೀಸದ ಬ್ಯಾಟರಿ ಅರ್ಧಕ್ಕಿಂತ ಕೆಳಗ ಇಳಿಸಬಾರದು, ಅಂದ್ರ ನಿನ್ನ ಕೈಯಾಗ ಇರೋದು 50. ಗ್ಯಾಸ್ ಅಲಾರಂ, ಫ್ರಿಜ್ಜಿನ ಬೋರ್ಡು, ನೀರಿನ ಪಂಪು, ಥಂಡ್ಯಾಗ ಫರ್ನೇಸ್ ಬ್ಲೋವರ್ ಎಲ್ಲಾ ಆ 50ರಾಗೇ ಬರಬೇಕು, ಅದರಾಗ ಫರ್ನೇಸೇ ದೊಡ್ಡ ಹೊಟ್ಟಿಬಾಕ. ಮುಂಜಾನೆ ಎದ್ದು ಲೋಡ್ ಎಲ್ಲಾ ತಗದು ಒಂದೆರಡು ತಾಸು ಬಿಟ್ಟು ಅಳಿ, 12.2 ಹತ್ರ ಬಂದಿದ್ರ ಅರ್ಧಕ್ಕ ಬಂತು ಅಂತ ತಿಳದು ಚಾರ್ಜ್ ಮಾಡು.

ಒಗ್ಗರಣಿ ಹಾಕೋವಾಗ ಒಲಿ ಹತ್ರದ ಕಿಟಕಿ ಬಂದ್ ಮಾಡಿ, ದೂರದ್ದೊಂದು ನಾಕು ಬೆರಳು ತಗೀ. ಗಾಳಿ ಒಳಗ ಬರಾಕ ದಾರಿ ಇಲ್ಲಂದ್ರ ಫ್ಯಾನ್ ಎಷ್ಟು ತಿರುಗಿದ್ರೂ ಘಾಟು ಹೋಗೂದಿಲ್ಲ, ಗ್ಯಾಸ್ ಒಲಿ ಉರಿಯೋವಾಗ ಹೊರಗಿನ ಗಾಳಿ ಬೇಕೇ ಬೇಕು.

ಕುಡ್ಲ ಟು ಜೆರ್ಸಿ

ಮೋಟರ್ ಬಚಾವಾಯ್ತಲ್ಲ ಮಾರಾಯ್ರೆ, ಒಳ್ಳೇದಾಯ್ತು. ನಮ್ಮದೂ ಈಚೆಗೆ ನಿಧಾನ ಆಗಿದೆ, ಹೊಸ ಫ್ಯಾನ್ ಕಾರ್ಟಲ್ಲಿ ಹಾಕಿ ಇಟ್ಟಿದ್ದೆ. ಮೊದಲು ಆ 21 ವ್ಯಾಟಿನ ಬಲ್ಬ್ ತರ್ತೇನೆ.